ಹಂತ ಹಂತವಾಗಿ ಬರಿ ಅಂದರೆ ಮಗು ಒಂದೇ ಸಾಲು ಬರೆಯುತ್ತದೆ, ಏನು ಮಾಡೋದು?

ಪ್ರಶ್ನೆ: ಮಗಳಿಗೆ ಏಳು ವರ್ಷ, ಎರಡನೇ ಇಯತ್ತೆ. ಟ್ಯಾಬ್‌ನಲ್ಲಿ ಕೋಡಿಂಗ್ ಬ್ಲಾಕ್ ಎಳೆದು ಜೋಡಿಸುತ್ತಾಳೆ. ಆದರೆ ‘ಮೊದಲು ಹಾಳಿ ಮೇಲೆ ಹಂತ ಬರಿ’ ಅಂದರೆ ‘ಬೆಕ್ಕು ಮನಿಗೆ ಹೋಗತೈತಿ’ ಎಂದು ಬರೆದು ಪೆನ್ಸಿಲ್ ಇಟ್ಟುಬಿಡುತ್ತಾಳೆ. ಹೇಗೆ ಕಲಿಸುವುದು?

ಉತ್ತರ: ಮಗುವಿನ ಮಟ್ಟಿಗೆ ಆ ಸಾಲಿನಲ್ಲಿ ಏನೂ ಕಡಿಮೆಯಿಲ್ಲ. ಈವರೆಗೆ ಅವಳು ಮಾತಾಡಿದ್ದೆಲ್ಲ ಮನುಷ್ಯರ ಜೊತೆ. ಅವಳು ಬಿಟ್ಟದ್ದನ್ನು ಕೇಳುವವರೇ ತುಂಬಿಕೊಂಡಿದ್ದಾರೆ. ನಾವಾದರೂ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ದಾರಿ ಕೇಳಿದವರಿಗೆ ‘ಸೀದಾ ಹೋಗ್ರಿ, ಅಲ್ಲೇ ಐತಿ’ ಅನ್ನುತ್ತೇವೆ, ಅವರೂ ಹೇಗೋ ಮುಟ್ಟುತ್ತಾರೆ. ಹಾಗಾಗಿ ‘ಇನ್ನೂ ಬಿಡಿಸಿ ಬರಿ’ ಎಂದು ಗದರಿಸಿ ಪ್ರಯೋಜನವಿಲ್ಲ. ಬರೆದಷ್ಟನ್ನೇ ಮಾಡುವ, ಎಳ್ಳಷ್ಟೂ ಹೆಚ್ಚು ಮಾಡದ ಕೇಳುಗ ಬೇಕು. ಆ ರೋಬೋಟ್ ನೀವೇ ಆಗಿ.

ಚುರಮುರಿ ಕಲಸಿ ಮಾಡುವ ಗಿರಮಿಟ್‌ನಿಂದ ಶುರು ಮಾಡಿ. ಉಳ್ಳಾಗಡ್ಡಿ, ಟೊಮೆಟೊ, ಹುಣಸೆ ರಸದ ಗೊಜ್ಜನ್ನು ನೀವೇ ಮಾಡಿ ಆರಲು ಬಿಡಿ. ಒಲೆ, ಚಾಕು ಮಗುವಿನ ಪಾಲಿಗೆ ಬೇಡ. 2 ವಾಟಿ ಚುರಮುರಿ, 3 ಚಮಚ ಗೊಜ್ಜು, 1 ಚಮಚ ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಒಂದು ಬೋಗುಣಿ ಸಾಕು. ಹಳೆಯ ಲಗ್ನಪತ್ರಿಕೆಯ ಖಾಲಿ ಹಿಂಬದಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ. ಒಂದು ಪಟ್ಟಿಗೆ ಒಂದೇ ಆಜ್ಞೆ. ನೋಟ್‌ಬುಕ್ ಬೇಡ; ಅದರಲ್ಲಿ ಕ್ರಮ ಬದಲಿಸಬೇಕಾದರೆ ಪುಟವನ್ನೇ ಅಳಿಸಬೇಕಾಗುತ್ತದೆ, ಮಕ್ಕಳು ಬೇಸತ್ತು ಕೈಬಿಡುವುದು ಅಲ್ಲೇ.

ಮೊದಲ ಪಟ್ಟಿ ಬಹುಮಟ್ಟಿಗೆ ‘ಚುರಮುರಿ ಹಾಕು’ ಎಂದಿರುತ್ತದೆ. ಎಷ್ಟು, ಯಾವುದರೊಳಗೆ, ಹೇಳಿಲ್ಲ. ಚುರಮುರಿ ಡಬ್ಬಿಯನ್ನೇ ಎತ್ತಿ ಬೋಗುಣಿಯೊಳಗೆ ಇಟ್ಟು ಸುಮ್ಮನೆ ನಿಲ್ಲಿ. ಮಗು ನಗುತ್ತದೆ, ಆಮೇಲೆ ತಾನೇ ತಿದ್ದುತ್ತದೆ: ‘ಡಬ್ಬಿ ಮುಚ್ಚಳ ತೆರೆ’, ‘2 ವಾಟಿ ಚುರಮುರಿ ಬೋಗುಣಿಗೆ ಸುರಿ’. ನೀವಾಗಿ ಹೇಳಿಕೊಡಬೇಡಿ, ಕಣ್ಸನ್ನೆಯೂ ಬೇಡ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ತೊಡಕಿದೆ. ದೀಪ ಹಚ್ಚು, ಎಣ್ಣೆ ಹಚ್ಚು, ಫೋನ್ ಹಚ್ಚು: ಶಬ್ದ ಒಂದು, ಕೆಲಸ ಮೂರು. ಬಾಗಿಲು ‘ತೆಗೆ’ ಅಂದರೆ ತೆರೆ, ಚಪ್ಪಲಿ ‘ತೆಗೆ’ ಅಂದರೆ ಕಳಚು, ಚಿತ್ರ ‘ತೆಗೆ’ ಅಂದರೆ ಬಿಡಿಸು. ‘ಹಾಕು’ ಇನ್ನೂ ಮೋಸ: ಅಂಗಿ ಹಾಕಿದರೆ ತೊಟ್ಟಂತೆ, ಬಾಗಿಲು ಹಾಕಿದರೆ ಮುಚ್ಚಿದಂತೆ. ಅದಕ್ಕೇ ಎತ್ತು, ಇಡು, ತೆರೆ, ಸುರಿ, ಕಲಸು ಎಂಬ ಐದು ಶಬ್ದಗಳನ್ನು ಗೋಡೆಗೆ ಅಂಟಿಸಿ, ಅವಷ್ಟೇ ರೋಬೋಟಿಗೆ ಗೊತ್ತು ಅನ್ನಿ. ‘ಸುರಿ’ ಬದಲು ‘ಸುರುವು’ ಅಂತ ಬರೆದರೆ ತಿದ್ದಬೇಡಿ. ಒಮ್ಮೆ ಸುರುವು, ಇನ್ನೊಮ್ಮೆ ಹಾಕು ಆದರೆ ಮಾತ್ರ ‘ನನಗೆ ತಿಳಿಯಲಿಲ್ಲ’ ಅಂದು ನಿಂತುಬಿಡಿ.

ಕ್ರಮದ ಪಾಠವನ್ನು ಚುರಮುರಿಯೇ ಕಲಿಸುತ್ತದೆ. ಗೊಜ್ಜಿನ ಪಟ್ಟಿಯನ್ನು ಮೊದಲು, ಉಳ್ಳಾಗಡ್ಡಿ ಮತ್ತು ಹಿಟ್ಟನ್ನು ಕೊನೆಗೆ ಇಟ್ಟು, ನಡುವೆ ಹತ್ತು ನಿಮಿಷ ಬಿಟ್ಟರೆ ಚುರಮುರಿ ಮೆತ್ತಗಾಗಿ ಮುದ್ದೆಯಾಗುತ್ತದೆ. ಆಜ್ಞೆಗಳು ಅವೇ, ಕ್ರಮವಷ್ಟೇ ಬೇರೆ. ಪಟ್ಟಿ ಅದಲುಬದಲು ಮಾಡಿಸಿ, ಇನ್ನೊಂದು ವಾಟಿಯಲ್ಲಿ ಮಾಡಿ ತೋರಿಸಿ. ‘ಕಲಸು’ ಅಂತ ಬರೆದಾಗಲಂತೂ ನಿಲ್ಲಿಸದೇ ಕಲಸುತ್ತಲೇ ಇರಿ. ಎಷ್ಟು ಹೊತ್ತು ಎಂಬುದನ್ನು ಮಕ್ಕಳು ಬರೆಯುವುದೇ ಇಲ್ಲ. ‘10 ಸಲ ಕಲಸು’ ಒಂದು ಬಗೆ, ‘ಬಿಳಿ ಚುರಮುರಿ ಕಾಣದಂತಾಗುವ ತನಕ ಕಲಸು’ ಇನ್ನೊಂದು. ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಯುವ ಸ್ಕ್ರ್ಯಾಚ್‌ನಲ್ಲಿ ಮುಂದೆ ಸಿಗುವ ‘ರಿಪೀಟ್’, ‘ರಿಪೀಟ್ ಅಂಟಿಲ್’ ಬ್ಲಾಕ್‌ಗಳು ಇವೇ. ರುಚಿಗೆ ತಕ್ಕಷ್ಟು ಉಪ್ಪು ಎಂಬ ಮಾತು ಈ ಆಟದಲ್ಲಿ ನಡೆಯುವುದಿಲ್ಲ.

ಆಮೇಲೆ ನೆಲ. ಚೌಕ ಫರ್ಸಿ ಇದ್ದರೆ ಅದೇ ಸಾಕು, ಇಲ್ಲವಾದರೆ ಚಾಕ್‌ನಿಂದ ಒಂದೊಂದು ಅಡಿಯ 5×5 ಚೌಕ ಎಳೆಯಿರಿ. ಆಜ್ಞೆ ಮೂರೇ: ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಇಲ್ಲಿ ಎರಡು ತಪ್ಪು ತಪ್ಪದೇ ಬರುತ್ತವೆ. ನಿಂತ ಚೌಕವನ್ನೇ ‘ಒಂದು’ ಎಂದು ಎಣಿಸಿ, 3 ಹೆಜ್ಜೆಯ ದೂರಕ್ಕೆ 4 ಬರೆಯುವುದು ಮೊದಲನೆಯದು. ಚೌಕ ಎಣಿಸಬೇಡ, ಹೆಜ್ಜೆ ಎಣಿಸು ಎಂದರೆ ಸರಿಹೋಗುತ್ತದೆ. ‘ಎಡಕ್ಕೆ ತಿರುಗು’ ಎಂದಾಗ ತಿರುಗುವ ಬದಲು ಎಡಗಡೆ ಸರಿಯುವುದು ಎರಡನೆಯದು. ತಿರುಗುವಾಗ ಕಾಲು ಅದೇ ಚೌಕದಲ್ಲಿರಬೇಕು. ರೋಬೋಟ್ ಮಗುವಿಗೆ ಎದುರಾಗಿ ನಿಂತಾಗ ಯಾರ ಎಡ ಎಂಬ ಗೊಂದಲವೂ ಆಗುತ್ತದೆ. ಆಗ ಮಗುವನ್ನೇ ಚೌಕದಲ್ಲಿ ನಿಲ್ಲಿಸಿ ನಡೆಸಿ. ಮಕ್ಕಳಿಗಾಗಿ 1967ರಲ್ಲಿ ಲೋಗೊ ಎಂಬ ಕೋಡಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಕೂಡ ಹೇಳಿದ್ದು ಇದನ್ನೇ: ಆಜ್ಞೆ ಕೊಟ್ಟು ನಡೆಸುವ ತೆರೆಯ ಮೇಲಿನ ಆಮೆ ಎತ್ತ ಹೋಗಬೇಕೆಂದು ತಿಳಿಯದಿದ್ದರೆ ನೀನೇ ಆಮೆಯಾಗಿ ನಡೆ.

ದಾರಿ ತಪ್ಪಿದಾಗ ಎಲ್ಲ ಪಟ್ಟಿ ಕೆಡಿಸಬೇಡಿ. ರೋಬೋಟ್ ಎಡವಿದ ಪಟ್ಟಿಯ ಮೇಲೆ ಮಗು ಬೆರಳಿಡಲಿ, ಅದೊಂದನ್ನೇ ಬದಲಿಸಿ ಮೊದಲಿನಿಂದ ನಡೆಸಲಿ. ಎರಡು ಪಟ್ಟಿ ಒಟ್ಟಿಗೆ ಬದಲಾದರೆ ಯಾವುದರಿಂದ ಸರಿಯಾಯಿತೋ ಗೊತ್ತಾಗುವುದಿಲ್ಲ.

ತೆರೆಗೆ ಹೋಗುವಾಗ ಒಂದು ಎಚ್ಚರ. ಐದರಿಂದ ಏಳು ವರ್ಷದವರ ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ‘ತಿರುಗು’ ಬ್ಲಾಕ್ ಬೊಂಬೆಯ ಚಿತ್ರವನ್ನಷ್ಟೇ ತಿರುಗಿಸುತ್ತದೆ, ಅದು ನಡೆಯುವ ದಿಕ್ಕನ್ನಲ್ಲ. ಅಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂಬ ಬಾಣಗಳೇ ದಾರಿ. ಆದ್ದರಿಂದ ನಿಮ್ಮ ಮಗಳ ವಯಸ್ಸಿಗೆ ನೆಲದ ಆಟವನ್ನೂ ಬಾಣಗಳಲ್ಲಿ ಒಮ್ಮೆ ಆಡಿಸಿಯೇ ತೆರೆಗೆ ಬನ್ನಿ. ಎಂಟು ದಾಟಿದವರ ಸ್ಕ್ರ್ಯಾಚ್‌ನಲ್ಲಿ ತಿರುಗಿದರೆ ದಿಕ್ಕೂ ಬದಲಾಗುತ್ತದೆ, ಆದರೆ ಬ್ಲಾಕ್‌ನಲ್ಲಿ ಮೊದಲೇ ಇರುವುದು 15 ಡಿಗ್ರಿ. ಚೌಕದ ಮೂಲೆಗೆ 90 ಎಂದು ಬದಲಿಸಬೇಕು. ಅಲ್ಲಿನ ‘10 ಹೆಜ್ಜೆ’ಯೂ ಫರ್ಸಿಯ ಹೆಜ್ಜೆಯಲ್ಲ, ಬೆಕ್ಕು ಓಡಾಡುವ 480 ಹೆಜ್ಜೆ ಅಗಲದ ರಂಗದಲ್ಲಿ ಅದೊಂದು ಚೂರು ಮಾತ್ರ. ಆಜ್ಞೆಗಳು ಕಣ್ಣಿಗೆ ಕಾಣದಷ್ಟು ಬೇಗ ಮುಗಿಯುವುದರಿಂದ ಬೆಕ್ಕು ಹಾರಿ ಹೋದಂತೆ ಕಾಣುತ್ತದೆ. ಪ್ರತಿ ಆಜ್ಞೆಯ ನಂತರ 1 ಸೆಕೆಂಡಿನ ‘ವೇಟ್’ ಬ್ಲಾಕ್ ಸೇರಿಸಿದರೆ, ಯಾವ ಪಟ್ಟಿಯಲ್ಲಿ ಬೆಕ್ಕು ದಾರಿ ಬಿಟ್ಟಿತೆಂದು ಮಗುವೇ ಬೆರಳಿಟ್ಟು ತೋರಿಸಬಹುದು.