ಗೊತ್ತಿದ್ದೇ ಲಾರಿ ಹತ್ತುವ ಮಾಲು

ಹೊಸ ಮಿಕ್ಸರ್ ಎರಡೇ ತಿಂಗಳಿಗೆ ಸುಟ್ಟುಹೋದರೆ, "ದೋಷವಿದೆ, ಕಾರು ತನ್ನಿ" ಅಂತ ಕಂಪನಿಯಿಂದ ರೀಕಾಲ್ ಮೆಸೇಜ್ ಬಂದರೆ, ನೆಂಟರಿಷ್ಟರು ನನ್ನಂಥವರನ್ನು ಹಿಡಿದು ಕೇಳುವುದು ಒಂದೇ ಪ್ರಶ್ನೆ. "ಫ್ಯಾಕ್ಟರಿಯಲ್ಲಿ ಯಾರೂ ಚೆಕ್ ಮಾಡಲ್ವಾ?" ಮಾಡುತ್ತಾರೆ. ವಾಹನಗಳ ಬಿಡಿಭಾಗ ತಯಾರಿಸುವ ಕಡೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಅನ್ನಿಸಿರುವುದು ಇಷ್ಟು: ಕಣ್ತಪ್ಪಿ ಹೊರಗೆ ಹೋಗುವ ಮಾಲು ಇದ್ದೇ ಇರುತ್ತದೆ, ಆದರೆ ದೊಡ್ಡ ಅನಾಹುತ ಮಾಡುವುದು ಹೆಚ್ಚಾಗಿ ಗೊತ್ತಿದ್ದೇ, ಸಹಿ ಬಿದ್ದೇ ಹೋದ ಮಾಲು.

ಕಣ್ತಪ್ಪುವ ವಿಷಯ ಮೊದಲು ಮುಗಿಸಿಬಿಡೋಣ. ಸಾವಿರ ಪೀಸಿನ ಲಾಟ್ ಬಂದರೆ ಸಾವಿರವನ್ನೂ ಅಳೆಯುವುದು ಅಪರೂಪ. ಸ್ಯಾಂಪಲ್ ತೆಗೆಯಲು ಐಎಸ್ 2500 ಎಂಬ ಭಾರತೀಯ ಮಾನಕದ ಟೇಬಲ್ ಇದೆ. ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ, ಎಕ್ಯೂಎಲ್, ಅಂದರೆ ಒಪ್ಪಬಹುದಾದ ದೋಷದ ಮಟ್ಟ, ನೂರಕ್ಕೆ 1 ಅಂತ ಇಟ್ಟುಕೊಂಡರೆ, ಆ ಲಾಟಿನಿಂದ 80 ಪೀಸ್ ತೆಗೆದು ನೋಡಬೇಕು. ಎರಡು ಕೆಟ್ಟಿದ್ದರೂ ಲಾಟ್ ಪಾಸ್. ಮೂರು ಸಿಕ್ಕರೆ ವಾಪಸ್. ಈಗ ಲೆಕ್ಕ ಹಾಕಿ. ನೂರಕ್ಕೆ ಮೂರು ಕೆಟ್ಟಿರುವ ಲಾಟ್ ಕೂಡ ಈ ತಪಾಸಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಪಾಸಾಗುತ್ತದೆ! ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು, ಪಾತ್ರೆಯೂ ಒಂದೇ, ಬೆಂಕಿಯೂ ಒಂದೇ. ಮಷಿನ್ ಶಾಪಿನಲ್ಲಿ ಹಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಟೂಲ್ ಸವೆದಿರುತ್ತದೆ, ನೈಟ್ ಶಿಫ್ಟಿಗೆ ಆಪರೇಟರ್ ಬದಲಾಗಿರುತ್ತಾನೆ. ಬ್ರೇಕು, ಸ್ಟೀರಿಂಗಿನ ಭಾಗಗಳಲ್ಲಿ ಮುಖ್ಯ ಅಳತೆಗಳನ್ನು ಒಂದೊಂದಾಗಿ ಗೇಜ್ ಹಾಕಿ ನೋಡುವುದು ಇದಕ್ಕೇ.

ಇನ್ನು ಸಹಿಯ ವಿಷಯ. ಡ್ರಾಯಿಂಗಿನಲ್ಲಿ ಒಂದು ಬೋರ್ (ಕೊರೆದ ತೂತು) 12 ಮಿಲಿಮೀಟರ್, ಹೆಚ್ಚೆಂದರೆ 12.02 ಅಂತಿದೆ ಅಂದುಕೊಳ್ಳಿ. ಬಂದಿರುವುದು 12.03. ತಾರೀಖು 29. ನಾಳೆ ಬೆಳಗ್ಗೆ ಮಾಲು ತಲುಪದಿದ್ದರೆ ಕಾರ್ ಕಂಪನಿಯ ಅಸೆಂಬ್ಲಿ ಲೈನ್ ನಿಲ್ಲುತ್ತದೆ. ನಿಂತ ಹೊತ್ತಿಗೆಲ್ಲ ಡೆಬಿಟ್ ನೋಟ್, ಅಂದರೆ ನಷ್ಟವನ್ನು ಬಿಲ್ಲಿನಲ್ಲಿ ಕಡಿಯುವ ಚೀಟಿ, ಬರುತ್ತದೆ. ಪೀಣ್ಯದ ಸಣ್ಣ ಶೆಡ್ಡಿನ ಮಾಲೀಕರಿಗೆ ಅಂಥದ್ದೊಂದು ಬಂದರೆ ಆ ತಿಂಗಳ ಲಾಭ ಹೋಯಿತು ಅಂತಲೇ ಲೆಕ್ಕ. ಆಗ ಬರುವ ಕಾಗದಕ್ಕೆ ಡಿವಿಯೇಷನ್ ಅಂತ ಹೆಸರು. "ಈ ಬ್ಯಾಚಿಗೆ ಮಾತ್ರ ಒಪ್ಪಿಕೊಳ್ಳಿ" ಅಂತ ಗಿರಾಕಿ ಕಂಪನಿಗೆ ಹಾಕುವ ಅರ್ಜಿ.

ಇದು ಕಳ್ಳದಾರಿಯಲ್ಲ. ಡಿಸೈನ್ ಎಂಜಿನಿಯರ್ ನಿಜಕ್ಕೂ ಕೂತು ಲೆಕ್ಕ ಹಾಕಿ ಒಪ್ಪಿದರೆ ತಪ್ಪೇನೂ ಇಲ್ಲ. ಡ್ರಾಯಿಂಗ್ ಮಾಡುವವರು ಭಯಕ್ಕೆ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಬಿಗಿ ಮಾಡಿರುವುದೂ ಉಂಟು. 12.03 ಚೆನ್ನಾಗಿಯೇ ಓಡಬಹುದು. ಹಾಗೆ ಓಡಿದ್ದೇ ಮುಂದಿನ ಸಲಕ್ಕೆ ವಾದವಾಗುತ್ತದೆ ನೋಡಿ, ಕಷ್ಟ ಅಲ್ಲಿದೆ. "ಸಾರ್, ಹೋದ ತಿಂಗಳು ಕಳಿಸಿದ್ವಲ್ಲ, ಕಂಪ್ಲೇಂಟ್ ಬಂತಾ? ಇದು ಅದಕ್ಕಿಂತ ಬರೀ ಐದು ಮೈಕ್ರಾನ್ ಜಾಸ್ತಿ." ಕ್ವಾಲಿಟಿಯಲ್ಲಿರುವ ಯಾರನ್ನಾದರೂ ಕೇಳಿ, ಈ ಮಾತು ಬಾಯಿಪಾಠ ಇರುತ್ತದೆ. ಮಾಲು ತಡೆದರೆ ಆಗುವ ನಷ್ಟಕ್ಕೆ ರೂಪಾಯಿ ಇದೆ, ಗಂಟೆ ಇದೆ, ತಡೆದವನ ಹೆಸರಿದೆ. ಬಿಟ್ಟರೆ ಆಗುವ ನಷ್ಟ ಯಾವ ಊರಲ್ಲೋ, ಯಾವ ವರ್ಷವೋ. ಅಷ್ಟು ಹೊತ್ತಿಗೆ ಸಹಿ ಹಾಕಿದವರು ಬೇರೆ ಕಂಪನಿ ಸೇರಿರುತ್ತಾರೆ.

ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣವನ್ನು ಹೊಸ ಹುಡುಗರಿಗೆ ನಾನು ತಪ್ಪದೆ ಹೇಳುತ್ತೇನೆ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಕಾರುಗಳಲ್ಲಿ ಬೀಗದ ಕೈ ಆನ್ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಲು ಕನಿಷ್ಠ 15 ನ್ಯೂಟನ್ ಸೆಂಟಿಮೀಟರ್ ಟಾರ್ಕ್ (ತಿರುಗಿಸಲು ಬೇಕಾಗುವ ಬಲ) ಬೇಕಿತ್ತು. ಸರಬರಾಜುದಾರರು ಕೊಟ್ಟ ಸ್ವಿಚ್ ಅಷ್ಟು ಮುಟ್ಟಲಿಲ್ಲ. ಗೊತ್ತಿದ್ದೂ 2002ರಲ್ಲಿ ಜಿಎಂ ಕಡೆಯಿಂದ ಒಪ್ಪಿಗೆ ಸಿಕ್ಕಿತು. ಪರಿಣಾಮ? ಕೀ ಗೊಂಚಲು ಭಾರವಾಗಿದ್ದರೆ, ಮೊಣಕಾಲು ತಗುಲಿದರೆ, ಓಡುತ್ತಿರುವ ಕಾರು ಆಫ್.

ದೂರು ಬಂದವು. 2005ರಲ್ಲಿ ಎಂಜಿನಿಯರುಗಳು ಪರಿಹಾರವನ್ನೂ ಸೂಚಿಸಿದರು. ಒಂದು ಪರಿಹಾರಕ್ಕೆ ಕಾರಿಗೆ ಸುಮಾರು 90 ಸೆಂಟ್ ಖರ್ಚು, ವಾರಂಟಿಯಲ್ಲಿ ಉಳಿತಾಯ 10ರಿಂದ 15 ಸೆಂಟ್. ಲೆಕ್ಕ ಕೂಡಲಿಲ್ಲ, ಫೈಲ್ ಮುಚ್ಚಿತು. ಇದನ್ನು ಓದಿ "ದುಡ್ಡಿಗಾಗಿ ಜನರನ್ನು ಕೊಂದರು" ಅನ್ನುವುದು ಸುಲಭ. ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಆ ದೂರನ್ನು ಅವರು ಗಿರಾಕಿಯ ಅನುಕೂಲಕ್ಕೆ ಸಂಬಂಧಿಸಿದ್ದು ಅಂತ ವಿಂಗಡಿಸಿದ್ದರು, ಸುರಕ್ಷತೆಗೆ ಅಲ್ಲ. ಎಂಜಿನ್ ಆಫ್ ಆದರೂ ಸ್ಟೀರಿಂಗ್ ತಿರುಗುತ್ತದೆ, ಪಕ್ಕಕ್ಕೆ ನಿಲ್ಲಿಸಬಹುದಲ್ಲ ಅನ್ನುವ ತರ್ಕ. ಕೀ ಆನ್ ಜಾಗದಿಂದ ಜಾರಿದಾಗ ಏರ್‌ಬ್ಯಾಗ್ ಕೂಡ ಸತ್ತಿರುತ್ತದೆ ಎಂಬುದು ಆ ಮೇಜಿನ ಸುತ್ತ ಕೂತವರ ತಲೆಗೆ ಹೊಳೆಯಲಿಲ್ಲ. ಸುರಕ್ಷತೆಯ ಫೈಲಿನಲ್ಲಿ ಇದ್ದಿದ್ದರೆ 90 ಸೆಂಟಿನ ಪ್ರಶ್ನೆಯೇ ಏಳಬಾರದಿತ್ತು. ತಪ್ಪು ಫೈಲಿಗೆ ಬಿದ್ದದ್ದರಿಂದ ಎದ್ದಿತು. ಡೀಲರುಗಳಿಗೆ ಕಳಿಸಿದ ಸೂಚನೆಯಲ್ಲಿ, ಕಾರು ನಿಂತುಹೋಗುತ್ತದೆ ಎಂಬ ಅರ್ಥದ ಪದವನ್ನೇ ಬಿಟ್ಟಿದ್ದರು. ಆ ಪದ ಕಂಡರೆ ಸುರಕ್ಷತೆಯ ಪ್ರಶ್ನೆ ಏಳುತ್ತದಲ್ವಾ!

ಮುಂದಿನದ್ದು ಕ್ವಾಲಿಟಿಯವರ ಮೈ ಉರಿಸುವ ಭಾಗ. 2006ರಲ್ಲಿ ಸ್ವಿಚ್ಚಿನ ಒಳಗಿನ ಸ್ಪ್ರಿಂಗು, ಪ್ಲಂಜರ್ ಬದಲಾಯಿಸಿ ಸರಿಮಾಡಿದರು. ಆದರೆ ಪಾರ್ಟ್ ನಂಬರ್ ಬದಲಾಯಿಸಲಿಲ್ಲ. ಒಳಗೆ ಬೇರೆ, ಹೊರಗೆ ಅದೇ ನಂಬರ್. ಹಳೆಯ ಕಾರುಗಳಲ್ಲಿ ಏರ್‌ಬ್ಯಾಗ್ ಬಿಚ್ಚುತ್ತಿಲ್ಲ, ಹೊಸದರಲ್ಲಿ ಆ ಕಾಟವಿಲ್ಲ, ಸ್ವಿಚ್ ಮಾತ್ರ ಒಂದೇ ಅಂತ ಕಾಗದ ಹೇಳುತ್ತಿತ್ತು. ಕಂಪನಿಯ ತನಿಖೆಗಾರರೇ ವರ್ಷಗಟ್ಟಲೆ ದಾರಿ ತಪ್ಪಿದರು. ಕೊನೆಗೆ ಅದನ್ನು ಹಿಡಿದಿದ್ದು ಇಂಥ ಕಾರಿನ ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಕುಟುಂಬದ ಪರ ವಕೀಲರು ನೇಮಿಸಿದ ಎಂಜಿನಿಯರ್. ಹಳೆಯದು, ಹೊಸದು ಎರಡೂ ಸ್ವಿಚ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದರು, ಅಷ್ಟೇ. ರೀಕಾಲ್ ಶುರುವಾಗಿದ್ದು 2014ರ ಫೆಬ್ರುವರಿಯಲ್ಲಿ. ಸುಮಾರು 26 ಲಕ್ಷ ಕಾರುಗಳು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಮರುವರ್ಷ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟಿತು.

ಕಂಪನಿಯೇ ನೇಮಿಸಿದ ತನಿಖೆಯ ವರದಿಯಲ್ಲಿ "ಜಿಎಂ ಸೆಲ್ಯೂಟ್" ಅಂತ ಒಂದು ಮಾತು ಬರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, ಬೆರಳನ್ನು ಅಕ್ಕಪಕ್ಕದವರ ಕಡೆ ತೋರಿಸುವುದು. ಅಂದರೆ, ಕೆಲಸ ಅವರದ್ದು, ನನ್ನದಲ್ಲ. ಓದಿದಾಗ ನಗು ಬಂತು. ನಮ್ಮ ಮೀಟಿಂಗುಗಳಲ್ಲಿ ಕೈ ಕಟ್ಟುವುದಿಲ್ಲ, "ಮೇಲ್ ಹಾಕಿದೀನಿ ಸಾರ್" ಅನ್ನುತ್ತೇವೆ.

ಹಾಗಾದರೆ ತಡೆಯಲು ಕೆಲಸಗಾರನಿಗೆ ಅಧಿಕಾರ ಕೊಟ್ಟರೆ ಸಾಲದಾ? ಟೊಯೋಟಾದಲ್ಲಿ ದೋಷ ಕಂಡವರು ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಅದನ್ನು ಆಂಡಾನ್ ಅನ್ನುತ್ತಾರೆ. ಒಳ್ಳೆಯ ಪದ್ಧತಿ, ನಾನೂ ಮೆಚ್ಚುತ್ತೇನೆ. ಆದರೆ ಅದೇ ಟೊಯೋಟಾ, ತಾನಾಗಿ ವೇಗ ಹೆಚ್ಚುವ ಕಾರುಗಳ ವಿಷಯದಲ್ಲಿ ಗಿರಾಕಿಗಳಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 2014ರಲ್ಲಿ ಅಮೆರಿಕದಲ್ಲಿ 120 ಕೋಟಿ ಡಾಲರ್ ಕಟ್ಟಿತು. ಹಗ್ಗ ಇರುವುದು ಲೈನಿನಲ್ಲಿ. ಆಫೀಸಿನಲ್ಲಿ ಯಾರೂ ಕಟ್ಟಿಲ್ಲ.

ನಮ್ಮಲ್ಲಿ ವಾಹನ ರೀಕಾಲ್ ಬಹುಕಾಲ ಕಂಪನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದು, 2021ರ ಏಪ್ರಿಲ್ 1ರಿಂದ ಕಡ್ಡಾಯ ರೀಕಾಲ್ ನಿಯಮ ಜಾರಿಯಾಯಿತು. ಒಂದು ಮಾದರಿಯ ಮೇಲೆ ನಿಯಮದಲ್ಲಿ ಹೇಳಿದಷ್ಟು ದೂರು ಬಂದರೆ ಸರ್ಕಾರವೇ ತನಿಖೆ ಮಾಡಿಸಿ ವಾಪಸ್ ತರಿಸಬಹುದು. ದಂಡ 1 ಕೋಟಿ ರೂಪಾಯಿವರೆಗೆ. ದೊಡ್ಡ ಕಂಪನಿಗೆ ಇದೇನು ದೊಡ್ಡ ಮೊತ್ತವಲ್ಲ ಬಿಡಿ. ಆದರೆ ದೂರಿನ ಸಂಖ್ಯೆಗೆ ಬೆಲೆ ಬಂದಿದೆಯಲ್ಲ, ಅದು ಮುಖ್ಯ.

ಹಾಗಾಗಿ ನೆಂಟರು ಕೇಳಿದರೆ ನಾನು ಹೇಳುವುದು ದೂರು ಬರೆಯುವ ರೀತಿಯ ಬಗ್ಗೆ. ಸರ್ವಿಸ್ ಸೆಂಟರಿನಲ್ಲಿ "ಗಾಡಿ ಆಗಾಗ ಆಫ್ ಆಗ್ತಿದೆ, ಸ್ವಲ್ಪ ನೋಡಿ" ಅಂದರೆ ಜಾಬ್ ಕಾರ್ಡಿನಲ್ಲಿ ಅದು ಅನುಕೂಲದ ಕಾಲಮ್ಮಿಗೆ ಹೋಗುತ್ತದೆ. "ಹೈವೇಯಲ್ಲಿ 80ರಲ್ಲಿ ಹೋಗುವಾಗ ಎಂಜಿನ್ ಆಫ್ ಆಯಿತು, ಸ್ಟೀರಿಂಗ್ ಬಿಗಿಯಾಯಿತು, ಹಿಂದೆ ಲಾರಿ ಇತ್ತು" ಅಂತ ತಾರೀಖು ಸಮೇತ ಬರೆಸಿ. ಸಲಹೆಗಾರರು ತಮ್ಮ ಮಾತಿನಲ್ಲಿ ಚುಟುಕಾಗಿ ಬರೆದುಕೊಂಡರೆ ಒಪ್ಪಬೇಡಿ, ನೀವು ಹೇಳಿದ ಹಾಗೇ ಬರೆಸಿ. ಜಾಬ್ ಕಾರ್ಡಿನ ಒಂದು ಪ್ರತಿ ಇಸ್ಕೊಂಡೇ ಬನ್ನಿ.