&#3221; ಮತ್ತೆ ‘ಕ’ ಆಗುವ ದಾರಿ

ಹಳೆಯ ಡೇಟಾಬೇಸ್‌ನಿಂದ ಕನ್ನಡ ಬರಹ ಹೊರತೆಗೆದವರಲ್ಲಿ ಕೆಲವರಾದರೂ ಇಂಥ ಸಾಲು ನೋಡಿರುತ್ತಾರೆ: &#3221;&#3240;&#3277;&#3240;&#3233;. ಫೈಲ್ ಕೆಟ್ಟುಹೋಯಿತು ಅಂತ ಗಾಬರಿ ಬೇಡ. ಅದು ‘ಕನ್ನಡ’ ಎಂಬ ಪದವೇ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಒಂದೊಂದು ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ದ ನಂಬರ್ 3221, ‘ನ’ದ್ದು 3240, ಹಲಂತದ್ದು 3277, ‘ಡ’ದ್ದು 3233. ಬ್ರೌಸರ್ ಈ ನಂಬರ್‌ಗಳನ್ನು ಓದಿ ಅಕ್ಷರವಾಗಿ ತೋರಿಸುತ್ತದೆ. ನಾವು ಬರೆದ ಸ್ಕ್ರಿಪ್ಟ್ ಬ್ರೌಸರ್ ಅಲ್ಲವಲ್ಲ, ಅದಕ್ಕೆ ಇದು ಬರೀ ಚಿಹ್ನೆ ಮತ್ತು ಅಂಕಿಗಳ ಸಾಲು.

ಇವತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಬಿಡಿಸಲು ಒಂದು ಸಾಲು ಸಾಕು. ಅದರ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಮಾಡ್ಯೂಲ್‌ನಲ್ಲಿ ಅನ್‌ಎಸ್ಕೇಪ್ ಎಂಬ ಫಂಕ್ಷನ್ ಇದೆ. ಅದು ಬಂದದ್ದು 2014ರಲ್ಲಿ, 3.4 ಆವೃತ್ತಿಯ ಜೊತೆ. ತಮಾಷೆ ಏನೆಂದರೆ, ಅಕ್ಷರವನ್ನು ಇಂಥ ನಂಬರ್ ಆಗಿ ಬದಲಿಸುವ ಅಧಿಕೃತ ದಾರಿ ಪೈಥಾನ್‌ಗೆ 2003ರಲ್ಲೇ, 2.3 ಆವೃತ್ತಿಯಲ್ಲೇ ಸಿಕ್ಕಿತ್ತು. ಗಂಟು ಹಾಕುವುದು ಬಂದು ಹತ್ತು ವರ್ಷ ಕಳೆದ ಮೇಲೆ ಬಿಚ್ಚುವುದು ಬಂತು! ಬಿಚ್ಚುವುದು ಅಷ್ಟು ಕಷ್ಟವೇ? ಹೌದು, ನೋಡಲು ಕಾಣುವುದಕ್ಕಿಂತ ಜಾಸ್ತಿ ಕಷ್ಟ. ಆ ಕಷ್ಟ ಪೈಥಾನ್ ಮಾಡಿದ್ದಲ್ಲ, ವೆಬ್‌ನ ಚರಿತ್ರೆ ಮಾಡಿದ್ದು.

ಅಕ್ಷರದ ಬದಲು ಹೀಗೆ ಬರೆಯುವ ನಂಬರ್ ಅಥವಾ ಹೆಸರಿಗೆ ಎಂಟಿಟಿ ಅನ್ನುತ್ತಾರೆ. ಎಂಟಿಟಿಗಳು ವೆಬ್‌ಗಿಂತ ಹಳೆಯವು. 1986ರಲ್ಲಿ ಐಎಸ್‌ಒ 8879 ಎಂಬ ಮಾನಕವಾಗಿ ಎಸ್‌ಜಿಎಂಎಲ್ ಎಂಬ, ಪಠ್ಯಕ್ಕೆ ಗುರುತು ಹಾಕುವ ಭಾಷೆ ಬಂತು. ಆಗಿನ ಕಂಪ್ಯೂಟರ್‌ಗಳ ನಡುವೆ ನಂಬಿಕೊಂಡು ಕಳಿಸಬಹುದಾಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಆಸ್ಕಿ ಪಟ್ಟಿಯ 128 ಸ್ಥಾನಗಳನ್ನು ಮಾತ್ರ. ಫ್ರೆಂಚ್, ಜರ್ಮನ್ ಭಾಷೆಗಳ ಗುರುತುಳ್ಳ ಅಕ್ಷರಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಹಾಗಾಗಿ ಅವುಗಳಿಗೆ ಹೆಸರು ಕೊಟ್ಟು, ಆಂಪರ್ಸಂಡ್ (&) ಮತ್ತು ಸೆಮಿಕೋಲನ್ (;) ನಡುವೆ ಆ ಹೆಸರು ಬರೆಯುವ ಪದ್ಧತಿ ಬಂತು. ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್ ರೂಪಿಸಿದಾಗ ಎಸ್‌ಜಿಎಂಎಲ್ ಶೈಲಿಯನ್ನೇ ಹಿಡಿದರು. ಎಂಟಿಟಿಗಳೂ ಜೊತೆಗೆ ಬಂದವು. 1995ರ ನವೆಂಬರ್‌ನಲ್ಲಿ ಎಚ್‌ಟಿಎಂಎಲ್ 2.0 ಬಂದಾಗ ಅವು ಅದರಲ್ಲೂ ಇದ್ದವು.

ಕನ್ನಡದ ಮಟ್ಟಿಗೆ ಮುಖ್ಯವಾದದ್ದು 1997ರ ಜನವರಿ. ಆಗ ಬಂದ ಆರ್‌ಎಫ್‌ಸಿ 2070 ಎಂಬ ಇಂಟರ್ನೆಟ್ ಮಾನಕದ ದಾಖಲೆ ಒಂದು ವಿಷಯ ಖಚಿತ ಮಾಡಿತು. ಪುಟ ಯಾವ ಎನ್‌ಕೋಡಿಂಗ್‌ನಲ್ಲೇ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಇರಲಿ, ನಂಬರ್ ಎಂಟಿಟಿ ಸೂಚಿಸುವುದು ಯೂನಿಕೋಡ್‌ನ ಅಕ್ಷರವನ್ನೇ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಹೀಗಾಗಿ ಕನ್ನಡ ಗೊತ್ತೇ ಇಲ್ಲದ ಎನ್‌ಕೋಡಿಂಗ್‌ನ ಪುಟದಲ್ಲೂ ಕನ್ನಡ ಬರೆಯುವ ದಾರಿ ತೆರೆಯಿತು. ನಂಬರ್ ಮೂಲಕ ಮಾತ್ರ ಅನ್ನಿ. ಹೆಸರಿರುವ ಎಂಟಿಟಿಗಳು ಎಚ್‌ಟಿಎಂಎಲ್ 4ರಲ್ಲಿ 252 ಇದ್ದವು. ಎಚ್‌ಟಿಎಂಎಲ್ 5ರಲ್ಲಿ, ಸೆಮಿಕೋಲನ್ ಇಲ್ಲದ ರೂಪಗಳೂ ಸೇರಿ, 2,231 ಆದವು. ಗಣಿತದ ಅಪ್ರದಕ್ಷಿಣ ಇಂಟಿಗ್ರಲ್ ಚಿಹ್ನೆಗೂ ಅಲ್ಲಿ ಮಾರುದ್ದದ ಹೆಸರಿದೆ. ಕನ್ನಡದ ಒಂದೇ ಒಂದು ಅಕ್ಷರಕ್ಕೂ ಇಲ್ಲ.

ಹಾಗಾದರೆ ಡೇಟಾಬೇಸ್‌ಗೆ ಈ ನಂಬರ್‌ಗಳು ನುಗ್ಗಿದ್ದು ಹೇಗೆ? ಯಾರೂ ಕೂತು ಟೈಪ್ ಮಾಡಿದ್ದಲ್ಲ. ಹಿಂದೆ ಎಷ್ಟೋ ತಾಣಗಳು ತಮ್ಮ ಪುಟವನ್ನು ಐಎಸ್‌ಒ 8859-1 ಎಂದು ಘೋಷಿಸಿಕೊಳ್ಳುತ್ತಿದ್ದವು. ಅದು ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್. ಅಂಥ ಪುಟದ ಫಾರ್ಮ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಕಳಿಸಲು ಜಾಗವೇ ಇಲ್ಲ. ಬ್ರೌಸರ್ ತಪ್ಪು ಅನ್ನಲಿಲ್ಲ, ಬಳಕೆದಾರರನ್ನು ಕೇಳಲೂ ಇಲ್ಲ. ಸುಮ್ನೆ ಪ್ರತಿ ಅಕ್ಷರವನ್ನೂ ನಂಬರ್ ಎಂಟಿಟಿ ಮಾಡಿ ಕಳಿಸಿತು. ಸರ್ವರ್ ಹಾಗೇ ಉಳಿಸಿಕೊಂಡಿತು. ಪುಟ ಮತ್ತೆ ತೆರೆದಾಗ ಬ್ರೌಸರ್ ಅದನ್ನು ಕನ್ನಡವಾಗಿಯೇ ತೋರಿಸಿತು. ಎಲ್ಲ ಸರಿಯಾಗಿದೆ ಅಂದುಕೊಂಡು ಎಲ್ಲರೂ ಮುಂದೆ ಹೋದರು.

ತೊಂದರೆ ಕಂಡಿದ್ದು ಬೇರೆ ಕಡೆ. ಹುಡುಕಾಟದಲ್ಲಿ ‘ಕನ್ನಡ’ ಅಂತ ಕೊಟ್ಟರೆ ಏನೂ ಸಿಗುವುದಿಲ್ಲ, ಯಾಕೆಂದರೆ ಒಳಗೆ ಆ ಪದವೇ ಇಲ್ಲ. ಜಾಗವೂ ಜಾಸ್ತಿ ಬೇಕು. ‘ಕನ್ನಡ’ ಪದ ಯೂನಿಕೋಡ್‌ನ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ 15 ಬೈಟ್, ಎಂಟಿಟಿ ರೂಪದಲ್ಲಿ 35. ಡೇಟಾಬೇಸ್ ಕಾಲಂ ಅಳತೆ 255 ಇದ್ದರೆ 36 ಎಂಟಿಟಿ ಹಿಡಿದು, 37ನೆಯದು ‘&#3’ ಎಂದು ನಡುವೆಯೇ ತುಂಡಾಗುತ್ತದೆ. ಮುಂದೆ ಯಾರೋ ಸುರಕ್ಷತೆಗೆಂದು ಆಂಪರ್ಸಂಡನ್ನೂ ಎಸ್ಕೇಪ್ ಮಾಡತೊಡಗಿದಾಗ, ಅಂದರೆ ಅದನ್ನೂ ಎಂಟಿಟಿಯಾಗಿ ಬದಲಿಸತೊಡಗಿದಾಗ, ಪುಟದ ಮೇಲೇ ನಂಬರ್‌ಗಳು ಕಾಣಿಸಿಕೊಂಡವು. ಅವರು ಮಾಡಿದ್ದು ಸರಿಯೇ, ಅಡಿಯಲ್ಲಿದ್ದ ಡೇಟಾ ಸರಿ ಇರಲಿಲ್ಲ.

ಇದನ್ನು ಬಿಡಿಸಲು ಕೂತವರ ಕೈಯಲ್ಲಿ ಏನಿತ್ತು? ಪರ್ಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಸುಖಿಗಳು. ಅವರಿಗೆ ಗಿಸ್ಲೆ ಓಸ್ ಬರೆದ ಎಚ್‌ಟಿಎಂಎಲ್-ಎಂಟಿಟೀಸ್ ಮಾಡ್ಯೂಲ್ ಇತ್ತು. ಪಿಎಚ್‌ಪಿ ಭಾಷೆಗೆ 2002ರ ಕೊನೆಗೆ, 4.3.0 ಆವೃತ್ತಿಯಲ್ಲಿ, ಎಂಟಿಟಿ ಬಿಡಿಸುವ ಒಂದು ಫಂಕ್ಷನ್ ಬಂತು. ಆದರೆ ಅದರ ಪೂರ್ವನಿಯೋಜಿತ ಎನ್‌ಕೋಡಿಂಗ್ ಮತ್ತದೇ ಐಎಸ್‌ಒ 8859-1. ಯುಟಿಎಫ್-8 ಬೇಕು ಅಂತ ಬಾಯಿಬಿಟ್ಟು ಹೇಳದಿದ್ದರೆ ಕನ್ನಡದ ನಂಬರ್‌ಗಳು ಇದ್ದ ಹಾಗೇ ಉಳಿಯುತ್ತಿದ್ದವು. ಇದು ಬದಲಾದದ್ದು 2012ರ 5.4ರಲ್ಲಿ.

ಪೈಥಾನ್ 2ರಲ್ಲಿ ಇದ್ದದ್ದು ಆ 252 ಹೆಸರುಗಳ ಪಟ್ಟಿ ಮಾತ್ರ. ಪಟ್ಟಿ ಹಿಡಿದು ಉಳಿದದ್ದನ್ನು ನೀವೇ ಬರೆದುಕೊಳ್ಳಿ ಅನ್ನುವ ಲೆಕ್ಕ. ಎಕ್ಸ್‌ಎಂಎಲ್ ಕಡೆಯ ಒಂದು ಅನ್‌ಎಸ್ಕೇಪ್ ಇತ್ತು, ಅದು ತಾನಾಗಿ ಬಿಡಿಸುತ್ತಿದ್ದದ್ದು ಮೂರೇ ಎಂಟಿಟಿ. ಹೀಗಾಗಿ ಜನ ತಮ್ಮದೇ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಬರೆದರು, ಇಲ್ಲವೇ ಫ್ರೆಡ್ರಿಕ್ ಲುಂಡ್ 2006ರಲ್ಲಿ ಬರೆದಿಟ್ಟಿದ್ದ ಪುಟ್ಟ ಫಂಕ್ಷನ್ ನಕಲು ಮಾಡಿಕೊಂಡರು. ಇನ್ನು ಕೆಲವರು ಎಚ್‌ಟಿಎಂಎಲ್ ಪಾರ್ಸರ್ ಕ್ಲಾಸ್‌ನ ಒಳಗಿದ್ದ, ದಾಖಲೆಯಲ್ಲೇ ಇಲ್ಲದ ಅನ್‌ಎಸ್ಕೇಪ್ ಮೆಥಡ್ ಹುಡುಕಿ ಬಳಸಿದರು. ಹಿಂಬಾಗಿಲು ಅಂತ ಗೊತ್ತಿದ್ದೇ ಬಳಸಿದ್ದು. 2020ರಲ್ಲಿ 3.9 ಬಂದಾಗ ಆ ಬಾಗಿಲು ಮುಚ್ಚಿತು, ಅದನ್ನು ನಂಬಿದ್ದ ಹಳೆಯ ಸ್ಕ್ರಿಪ್ಟ್‌ಗಳು ಬಿದ್ದವು.

ಸ್ವಂತಕ್ಕೆ ಬರೆದುಕೊಂಡವುಗಳಲ್ಲಿ ಹುಳುಕು ಕಾಣುತ್ತಿದ್ದ ಜಾಗಗಳು ಹೆಚ್ಚುಕಡಿಮೆ ಒಂದೇ. ಮೊದಲನೆಯದು ಸರದಿ. &#38;#60; ಎಂದು ಬಂದರೆ ಉತ್ತರ &#60; ಆಗಬೇಕು, ಅಲ್ಲಿಗೇ ನಿಲ್ಲಬೇಕು. ಆಂಪರ್ಸಂಡನ್ನು ಮೊದಲು ಬಿಡಿಸಿ, ಬಂದ ಫಲವನ್ನು ಮತ್ತೆ ಜರಡಿ ಹಿಡಿದರೆ ಅದು < ಆಗಿಬಿಡುತ್ತದೆ. ಬರೆದವರ ಉದ್ದೇಶ ಅದಾಗಿರಲಿಲ್ಲ.

ಇನ್ನೊಂದು ವಿಂಡೋಸ್ ಕಾಲದ ಬಳುವಳಿ. &#146; ಎಂಬುದು ಯೂನಿಕೋಡ್ ಪ್ರಕಾರ ಕಣ್ಣಿಗೆ ಕಾಣದ ಕಂಟ್ರೋಲ್ ಚಿಹ್ನೆ. ವಿಂಡೋಸ್-1252 ಎಂಬ ಎನ್‌ಕೋಡಿಂಗ್‌ನಲ್ಲಿ ಅದು ಬಾಗಿದ ಉದ್ಧರಣ ಚಿಹ್ನೆ. ಜನ ಅದನ್ನು ಎರಡನೆಯ ಅರ್ಥದಲ್ಲೇ ಬಳಸಿದರು, ಬ್ರೌಸರ್‌ಗಳೂ ಹಾಗೇ ತೋರಿಸಿದವು. ಕೊನೆಗೆ ಎಚ್‌ಟಿಎಂಎಲ್ 5 ಸೋತು, 128ರಿಂದ 159ರವರೆಗಿನ ನಂಬರ್‌ಗಳಿಗೆ ಬದಲಿ ಪಟ್ಟಿಯನ್ನೇ ನಿಯಮದಲ್ಲಿ ಬರೆಯಿತು. ಪೈಥಾನ್‌ನ ಈಗಿನ ಫಂಕ್ಷನ್ ಆ ಪಟ್ಟಿಯನ್ನು ಪಾಲಿಸುತ್ತದೆ.

ಸೆಮಿಕೋಲನ್ ಮರೆತವರನ್ನೂ ಬ್ರೌಸರ್‌ಗಳು ಕ್ಷಮಿಸಿದ್ದವು. ಅದೂ ನಿಯಮವಾಯಿತು: 106 ಹೆಸರುಗಳಿಗೆ ಸೆಮಿಕೋಲನ್ ಕಡ್ಡಾಯವಲ್ಲ. ಕಾಪಿರೈಟ್ ಚಿಹ್ನೆಯ ಹೆಸರಾದ ‘ಕಾಪಿ’ ಅವುಗಳಲ್ಲಿ ಒಂದು. ಈಗ ಒಂದು ಲಿಂಕ್‌ನಲ್ಲಿ ‘&ಕಾಪಿ=2’ ಎಂಬ ಭಾಗ ಇಂಗ್ಲಿಷ್ ಅಕ್ಷರಗಳಲ್ಲಿ ಇದೆ ಅನ್ನಿ. ಟ್ಯಾಗ್‌ನ (ಕೋನದ ಚಿಹ್ನೆಗಳ ನಡುವೆ ಬರೆಯುವ ಎಚ್‌ಟಿಎಂಎಲ್ ಗುರುತು) ಒಳಗಿನ ಲಿಂಕ್ ಎಂದು ಬ್ರೌಸರ್‌ಗೆ ಗೊತ್ತು, ಮುಂದೆ ಸಮ ಚಿಹ್ನೆ ಇರುವುದನ್ನು ನೋಡಿ ಮುಟ್ಟದೆ ಬಿಡುತ್ತದೆ. ಪೈಥಾನ್ ಫಂಕ್ಷನ್‌ಗೆ ಕೊಟ್ಟ ಪಠ್ಯ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಅದು ಲಿಂಕ್ ಒಳಗೆ © ಕೂರಿಸಿಬಿಡುತ್ತದೆ. ಬರೀ ಲಿಂಕ್‌ಗಳನ್ನು ಇದಕ್ಕೆ ತಿನ್ನಿಸಬಾರದು.

ಸರಿಯಾಗಿ ಬಿಡಿಸಿದ ಮೇಲೂ ಕನ್ನಡಕ್ಕೆ ಒಂದು ಅಪಾಯ ಉಳಿಯುತ್ತದೆ. &#160; ಬಿಡಿಸಿದರೆ ಬರುವುದು ಮಾಮೂಲಿ ಸ್ಪೇಸ್ ಅಲ್ಲ. ನೋಡಲು ಒಂದೇ ಥರ, ಹೋಲಿಸಿದರೆ ಬೇರೆ. ಅದನ್ನು ಸ್ಪೇಸ್ ಆಗಿ ಬದಲಿಸುವುದು ಸರಿ. ಅದೇ ಭರದಲ್ಲಿ, ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ &#8204; ಮತ್ತು &#8205; ಕೂಡ ಕಾಣದ ಕಸ ಅಂತ ಗುಡಿಸಿ ಹಾಕುವ ಸ್ಕ್ರಿಪ್ಟ್‌ಗಳಿವೆ. ಮೊದಲನೆಯದು ಹೋದರೆ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ. ಎರಡನೆಯದು ಹೋದರೆ ‘ರ‍್ಯಾಂಕ್’ನ ‘ರ’ ಅರ್ಕಾವೊತ್ತಾಗಿ ‘ರ್ಯಾಂಕ್’ ಆಗುತ್ತದೆ. ಇಂಗ್ಲಿಷ್ ಪಠ್ಯಕ್ಕೆಂದು ಬರೆದ ಸ್ಕ್ರಿಪ್ಟ್ ತಂದು ಕನ್ನಡಕ್ಕೆ ಹಚ್ಚುವಾಗ ಈ ಎರಡು ನಂಬರ್ ಮೊದಲು ನೋಡಿಕೊಳ್ಳಬೇಕು.

ಸುರಕ್ಷತೆಯ ಮಾತೂ ಇದೆ. ಟ್ಯಾಗ್‌ಗಳನ್ನು ಮೊದಲು ತೆಗೆದು, ಆಮೇಲೆ ಎಂಟಿಟಿ ಬಿಡಿಸುವುದೇ ಸರಿಯಾದ ಕ್ರಮ. ತಿರುವುಮುರುವು ಮಾಡಿದರೆ ಲೇಖಕರು ಉದಾಹರಣೆಗೆಂದು ಬರೆದ ಕೋಡ್ ಕೂಡ ಟ್ಯಾಗ್ ಅಂತ ಅಳಿಸಿಹೋಗುತ್ತದೆ. ಆದರೆ ಸರಿಯಾದ ಕ್ರಮದಲ್ಲಿ ಹೋದಾಗ, &#60; ಮತ್ತು &#62; ನಡುವೆ ಯಾರಾದರೂ ಸ್ಕ್ರಿಪ್ಟ್ ಟ್ಯಾಗ್ ಅಡಗಿಸಿದ್ದರೆ, ಕೊನೆಯಲ್ಲಿ ಅದು ಜೀವಂತ ಟ್ಯಾಗ್ ಆಗಿ ಎದ್ದು ಕೂರುತ್ತದೆ. ಫೈಲ್‌ನಲ್ಲಿ ಇಡುವವರೆಗೆ ತೊಂದರೆಯಿಲ್ಲ. ಅದೇ ಪಠ್ಯವನ್ನು ಮತ್ತೆ ವೆಬ್ ಪುಟಕ್ಕೆ ಹಾಕುವಾಗ ಇನ್ನೊಮ್ಮೆ ಎಸ್ಕೇಪ್ ಮಾಡಲೇಬೇಕು. ಈ ಸಲ ಪುಟವನ್ನು ಯುಟಿಎಫ್-8 ಅಂತ ಘೋಷಿಸಿದರೆ ಆಂಪರ್ಸಂಡ್, ಕೋನದ ಚಿಹ್ನೆಗಳು, ಉದ್ಧರಣ ಚಿಹ್ನೆಗಳು ಇಷ್ಟೇ ಎಂಟಿಟಿ ಆಗುತ್ತವೆ. ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.