ಸೀಸದ ನಾಣ್ಯಕ್ಕೆ ಹುಣಸೆಹಣ್ಣು ಬೇಡ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಈ ನೆಲ ರೋಮಿನ ಬೆಳ್ಳಿ ನಾಣ್ಯಗಳನ್ನೂ ಕೊಟ್ಟಿದೆ, ಶಾತವಾಹನರ ಕಾಲದ ಸೀಸದ ನಾಣ್ಯಗಳನ್ನೂ ಕೊಟ್ಟಿದೆ. ಸಂಗ್ರಹಕಾರರು ಮೊದಲು ಮರುಳಾಗುವುದು ಬೆಳ್ಳಿಗೆ. ಆದರೆ ದುರ್ಗದ ಸೀಮೆಯ ಸ್ವಂತ ಹಣ ಎಂದರೆ ಆ ಮಬ್ಬು ಬೂದು ಬಣ್ಣದ ಸೀಸದ ಬಿಲ್ಲೆಯೇ.

ಅದರಲ್ಲೂ ಸೊಗಸಾದದ್ದು ‘ಸದಕಣ ಕಳಲಾಯ ಮಹಾರಠಿ’ಯ ನಾಣ್ಯ. ‘ಮಹಾರಠಿ’ ಎಂದರೆ ಆ ಕಾಲದ ಸ್ಥಳೀಯ ನಾಯಕನ ಬಿರುದು. ಒಂದು ಮುಖದಲ್ಲಿ ಡುಬ್ಬದ ಹೋರಿ, ಸುತ್ತ ಬ್ರಾಹ್ಮಿ ಬರಹ. ಇನ್ನೊಂದರಲ್ಲಿ ಬೇಲಿಯೊಳಗಿನ ಮರ, ಪಕ್ಕದಲ್ಲಿ ಕಮಾನುಗಳನ್ನು ಪೇರಿಸಿದಂಥ ಗುಡ್ಡ. ಓದಲು ನೇರ ಬೆಳಕು ಸಾಲದು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಡ್ಡ ಬೀಳುವಂತೆ ಹಿಡಿದು ನಾಣ್ಯವನ್ನು ನಿಧಾನ ತಿರುಗಿಸಿ. ಮೊದಲು ಒಂದು ದುಂಡನೆಯ ಗೆರೆ ಹುಡುಕಿ: ಅದು ‘ಠ’. ನಮ್ಮ ಇಂದಿನ ಠಕಾರದ ದುಂಡು ಅಲ್ಲಿಂದಲೇ ಬಂದದ್ದು. ಅದರ ಹಿಂದಿನ ಕಡ್ಡಿಯಂಥ ಗೆರೆ ‘ರ’. ಇವೆರಡು ಸಿಕ್ಕರೆ ‘ಮಹಾರಠಿ’ ಬಿಡಿಸಿಕೊಳ್ಳುತ್ತದೆ. ನಾಣ್ಯದ ಮೇಲಿರುವುದು ‘ಮಹಾರಠಿಸ’; ಆ ಕೊನೆಯ ‘ಸ’ ಪ್ರಾಕೃತದ ಷಷ್ಠಿ, ಅಂದರೆ ‘ಮಹಾರಠಿಯದು’. ಅಚ್ಚು ಓರೆಯಾಗಿ ಬಿದ್ದು ಅರ್ಧ ಬರಹ ಅಂಚಿನಾಚೆ ಹೋಗಿರುವುದು ಸಾಮಾನ್ಯ. ಅದು ಊನವಲ್ಲ, ಕೈಯಲ್ಲಿ ಹೊಡೆದ ಕೆಲಸದ ಗುರುತು.

ಲೋಹ ನಿಜವಾಗಿ ಸೀಸವೇ? 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಒಣ ನಾಣ್ಯ ತೂಗಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ, ತೆಳು ದಾರಕ್ಕೆ ಕಟ್ಟಿದ ನಾಣ್ಯವನ್ನು ತಳ, ಗೋಡೆ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತೋರುವ ಗ್ರಾಂ ಅಂಕಿಯೇ ನಾಣ್ಯದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಸೀಸಕ್ಕೆ 11.3, ತವರಕ್ಕೆ 7.3. ಅಂದರೆ 12 ಗ್ರಾಂ ಸೀಸ ಸುಮಾರು 1.06 ತೋರಿಸಿದರೆ, ಅಷ್ಟೇ ತೂಕದ ತವರ 1.64 ತೋರಿಸುತ್ತದೆ. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ. ಕುದಿಸಿ ಆರಿಸಿದ ನೀರು ಬಳಸಿ. ಮೈಮೇಲಿನ ಹಳೆಯ ಪದರ ಸೀಸಕ್ಕಿಂತ ಹಗುರ, ಆದ್ದರಿಂದ ಅಸಲಿ ನಾಣ್ಯದ ಸಾಂದ್ರತೆಯೂ ತುಸು ಕಡಿಮೆ ಬರಬಹುದು. ಬಿಳಿ ಪುಡಿ ಏಳುತ್ತಿದ್ದರೆ ಅಥವಾ ಬಿರುಕಿದ್ದರೆ ನೀರಿನ ತಂಟೆಯೇ ಬೇಡ. ಈ ಪರೀಕ್ಷೆ ಹೇಳುವುದು ಲೋಹವನ್ನಷ್ಟೇ. ಸೀಸದಲ್ಲೇ ಎರಕ ಹೊಯ್ದ ನಕಲಿಗೂ ಇದೇ ಅಂಕಿ ಬರುತ್ತದೆ. ಅದಕ್ಕೆ ಭೂತಗನ್ನಡಿಯಲ್ಲಿ ಅಂಚು ನೋಡಬೇಕು: ಸುತ್ತಲೂ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅನುಮಾನ ಪಡಿ.

ತಾಮ್ರದ ಚೊಂಬಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ ಹಾಳಾದ ನಾಣ್ಯವನ್ನು ಮತ್ತೆ ಸರಿಮಾಡಲಾಗದು. ಆ ಬೂದು ಪದರವೇ ಸೀಸದ ರಕ್ಷಾಕವಚ; ಹುಳಿ ಅದನ್ನು ಕರಗಿಸುತ್ತದೆ, ಬ್ರಶ್ಶು ಮೆದು ಲೋಹದ ಅಕ್ಷರವನ್ನೇ ಸವೆಸುತ್ತದೆ. ಮರದ ಪೆಟ್ಟಿಗೆಯೂ ಶತ್ರುವೇ. ಮರ, ಪ್ಲೈವುಡ್, ಅಗ್ಗದ ರಟ್ಟು ಬಿಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿಂದು ಬಿಳಿ ಪುಡಿಯಾಗಿಸುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಚುರುಕು. ಒಂದೊಂದು ನಾಣ್ಯವನ್ನೂ ಪಾಲಿಪ್ರೊಪಿಲೀನ್ ಚೀಲದಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಬ್ಬಿಣದ ಬೀರುವಿನಲ್ಲಿಡಿ. ಪಿವಿಸಿ ಆಲ್ಬಂ ಬೇಡ. ಬಿಳಿ ಪುಡಿ ವಿಷ: ಊದಬೇಡಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಪ್ರತಿ ಚೀಲದ ಜೊತೆ ಒಂದು ಚೀಟಿ ಇರಲಿ: ತೂಕ, ವ್ಯಾಸ, ಕೊಂಡ ದಿನ, ಮೂಲದ ಊರು. ಚಂದ್ರವಳ್ಳಿಯ ಅಗೆತದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯಕ್ಕೆ ಬೆಲೆ ಬಂದದ್ದು ಅದು ಸಿಕ್ಕ ಜಾಗದಿಂದ. ಅವನು ಆಳಿದ್ದು ಕ್ರಿ.ಶ. 14ರಿಂದ 37, ಹಾಗಾಗಿ ನಾಣ್ಯವನ್ನು ಹೊತ್ತ ಮಣ್ಣಿನ ಪದರ 14ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅದೇ ನಾಣ್ಯ ಯಾರದೋ ಜೇಬಿನಿಂದ ಬಂದಿದ್ದರೆ ಆ ಮಣ್ಣಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಹೊಲ ಉಳುವಾಗ ನಾಣ್ಯದ ಕುಡಿಕೆ ಎದ್ದರೆ ತೊಳೆಯದೆ, ಹಂಚಿಕೊಳ್ಳದೆ, ಇದ್ದ ಜಾಗಕ್ಕೆ ಗೂಟ ನೆಟ್ಟು ತಾಲ್ಲೂಕು ಕಚೇರಿಗೆ ತಿಳಿಸಿ. ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು.